ಏರು ಹತ್ತದ ಗಾಡಿ

ಕನ್ನಡ ಪಾಠ ಹೇಳಿಕೊಂಡಿರಬೇಕಾದವನಿಗೆ ಮೋಟಾರು ಸೈಕಲ್ಲಿನ ಗೊಡವೆ ಏಕೆ ಎಂದು ನನ್ನ ಸಹೋದ್ಯೋಗಿಗಳು ಕೇಳುವುದುಂಟು. ಅವರು ಕೇಳುವುದು ನ್ಯಾಯವೇ. ಹಳಗನ್ನಡದ ತೊಡಕಾದ ಒಂದು ಪದ್ಯವನ್ನು ಬಿಡಿಸುವುದಕ್ಕೆ ಬೇಕಾದ ಸಾಮಗ್ರಿಯೆಲ್ಲ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇತ್ತು. ತುಕ್ಕು ಹಿಡಿದ ಒಂದು ನಟ್ಟನ್ನು ಬಿಡಿಸುವುದಕ್ಕೆ ಬೇಕಾದ ಸಾಮಗ್ರಿ ಮಾತ್ರ 2023ರ ವರೆಗೂ ಇರಲಿಲ್ಲ. ಈಗ ಇದೆ. ನಿಘಂಟಿನ ಸಂಪುಟಗಳ ಪಕ್ಕದಲ್ಲಿ ಸ್ಪ್ಯಾನರುಗಳು ದೊಡ್ಡದು ಚಿಕ್ಕದು ಎಂಬ ಕ್ರಮದಲ್ಲಿ ಒರಗಿಕೊಂಡಿವೆ. ನನ್ನ ಹೆಂಡತಿ ಆ ಕಪಾಟನ್ನು ಒರಸುವಾಗ ಎರಡು ಬಟ್ಟೆ ಇಟ್ಟುಕೊಂಡಿರುತ್ತಾಳೆ: ಒಂದು ಧೂಳಿಗೆ, ಇನ್ನೊಂದು ಜಿಡ್ಡಿಗೆ.

ಗಾಡಿ ನನ್ನದಲ್ಲ, ನನ್ನ ಸೋದರಮಾವನದು. ಸಕಲೇಶಪುರದ ಕಡೆ ಅವರಿಗೆ ನಾಲ್ಕು ಎಕರೆ ಕಾಫಿ ತೋಟ. 1986ರಲ್ಲಿ ಕಾಫಿ ಮಾರಿದ ಹಣದಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ಕೊಂಡರು. ಹೆಸರಿಗೆ ರಸ್ತೆಯ ರಾಜನಾದರೂ ಅದರ ಪಾಲಿಗೆ ಬಂದದ್ದು ರಸ್ತೆಯಲ್ಲ. ಮಳೆಗಾಲದಲ್ಲಿ ಹಳ್ಳವಾಗುವ, ಬೇಸಿಗೆಯಲ್ಲಿ ಕೆಂಪು ಧೂಳಾಗುವ ತೋಟದ ದಾರಿ. ಕೆಸರು ಚಕ್ರಕ್ಕೆ ಮೆತ್ತಿಕೊಳ್ಳದಿರಲೆಂದು ಮಾವ ಮುಂದಿನ ಮಡ್ಗಾರ್ಡನ್ನು ಮೇಲಕ್ಕೆ ಏರಿಸಿ ಕಟ್ಟಿಸಿದರು. ಹಿಂದಿನ ಚಕ್ರಕ್ಕೆ ಗುಬಟುಗುಬಟಾದ ಟೈರು ಹಾಕಿಸಿದರು. ಈಗ ಪೇಟೆಯ ಹುಡುಗರು ‘ಡರ್ಟ್ ಬೈಕ್’ ಎಂದು ಲಕ್ಷಗಟ್ಟಲೆ ಕೊಟ್ಟು ತರುವ ಗಾಡಿಯನ್ನು ಮಾವ ಇಕ್ಕಳ ಮತ್ತು ಬೇಲಿತಂತಿಗಳ ಸಹಾಯದಿಂದ ತಾವೇ ಸೃಷ್ಟಿಸಿಕೊಂಡಿದ್ದರು. ಅದಕ್ಕೊಂದು ಹೆಸರಿದೆ ಎಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ.

ಓದುಗರಲ್ಲಿ ನಲವತ್ತು ದಾಟಿದವರಿಗೆ ಆ ಗಾಡಿಯ ಪರಿಚಯ ಹೇಳಬೇಕಾಗಿಲ್ಲ. ಕಿಕ್ಕರೂ ಗೇರೂ ಒಂದೇ ಕಡ್ಡಿ. ಒಂದೇ ಸಿಲಿಂಡರು, ಆದರೆ ಎಡಕ್ಕೊಂದು ಬಲಕ್ಕೊಂದು ಎರಡು ಸೈಲೆನ್ಸರು. ಅದು ಹುಟ್ಟಿದ್ದು ನಮ್ಮ ಮೈಸೂರಿನ ಯಾದವಗಿರಿಯಲ್ಲಿ. ಜೆಕೊಸ್ಲೊವಾಕಿಯದ ಜಾವಾ ಕಂಪನಿಯ ಸಹಾಯದಿಂದ ನಡೆದ ಆ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಮೊದಲು ಜಾವಾ ಎಂದು, ಎಪ್ಪತ್ತರ ದಶಕದಿಂದ ಯೆಜ್ಡಿ ಎಂದು ಹೆಸರಾಗಿ, 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಯೆಜ್ಡಿ ಎಂಬ ಹೆಸರು ಮತ್ತೆ ರಸ್ತೆಗೆ ಬಂದಿದೆ. ಆದರೆ ಅದರ ಇಂಜಿನ್ ಬೇರೆ, ಸ್ವರವೂ ಬೇರೆ. ಮಾವನ ಗಾಡಿಯದು ಟೂ ಸ್ಟ್ರೋಕ್ ಇಂಜಿನ್. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕಾದ ಜಾತಿ.

2022ರಲ್ಲಿ ಅತ್ತೆ ತೀರಿಕೊಂಡರು. ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಮಕ್ಕಳಿಲ್ಲದ ಮಾವನನ್ನು ಮರುವರ್ಷ ನಾನು ಮೈಸೂರಿಗೆ ಕರೆದುಕೊಂಡು ಬಂದೆ. ಅವರು ಬರುವುದಕ್ಕೆ ಒಪ್ಪಿದ್ದೇ ಒಂದು ಆಶ್ಚರ್ಯ. ಅದಕ್ಕಿಂತ ಆಶ್ಚರ್ಯ, ಗಾಡಿಯನ್ನೂ ತರಬೇಕೆಂದು ಹಟ ಹಿಡಿದದ್ದು. ಮೊಣಕಾಲಿನ ನೋವಿನಿಂದಾಗಿ ಅವರು ಅದನ್ನು ಕಿಕ್ ಮಾಡುವ ಹಾಗಿರಲಿಲ್ಲ. ಆದರೂ ಲಾರಿಯಲ್ಲಿ ಎರಡು ಟ್ರಂಕು, ಒಂದು ಬೆತ್ತದ ಕುರ್ಚಿ, ಗಾಡಿ, ಇಷ್ಟೂ ಬಂದವು. ಗಾಡಿ ತವರಿಗೆ ಮರಳಿತು ಎಂದು ನಾನು ತಮಾಷೆ ಮಾಡಿದೆ. ಮಾವ ನಗಲಿಲ್ಲ.

ನಗುವುದಿರಲಿ, ಅವರು ಮಾತನ್ನೇ ಆಡುತ್ತಿರಲಿಲ್ಲ. ಕೇಳಿದ್ದಕ್ಕೆ ‘ಹೂಂ’, ಇಲ್ಲವೆ ‘ಬೇಡ ಮಾರಾಯ’. ಹಿಂದೆ ಅವರು ಹೀಗಿರಲಿಲ್ಲ. ರಜೆಯಲ್ಲಿ ನಾವು ಹುಡುಗರು ತೋಟಕ್ಕೆ ಹೋದಾಗ, ರಾತ್ರಿ ಊಟಕ್ಕೆ ಕುಳಿತು ಒಂದು ಆನೆಯ ಕಥೆ ಶುರು ಮಾಡಿದರೆ ಮಜ್ಜಿಗೆ ಅನ್ನದ ಹೊತ್ತಿಗೂ ಆನೆ ಬೇಲಿ ದಾಟಿರುತ್ತಿರಲಿಲ್ಲ. ಅಂಥವರು ಜಗಲಿಯ ಮೇಲೆ ಬೆತ್ತದ ಕುರ್ಚಿ ಹಾಕಿಕೊಂಡು ಬೀದಿಯನ್ನು ನೋಡುತ್ತ ಕೂತಿರುತ್ತಿದ್ದರು. ಬೀದಿಯನ್ನಾದರೂ ನೋಡುತ್ತಿದ್ದರೋ ಇಲ್ಲವೋ.

ನಾವು ನಮಗೆ ತೋಚಿದ್ದನ್ನೆಲ್ಲ ಮಾಡಿದೆವು. ನನ್ನ ಹೆಂಡತಿ ಅಕ್ಕಿರೊಟ್ಟಿ, ಕಡುಬು, ಕೆಸುವಿನ ಪತ್ರೊಡೆ ಎಂದು ಅವರ ಕಡೆಯ ಅಡುಗೆಗಳನ್ನು ಕಲಿತು ಮಾಡಿಕೊಟ್ಟಳು. ನಾನು ಲೈಬ್ರರಿಯಿಂದ ಕಾದಂಬರಿಗಳನ್ನು ತಂದೆ. ಮಗಳು ತನ್ನ ಮೊಬೈಲಿನಲ್ಲಿ ಹಳೆಯ ಹಾಡುಗಳನ್ನು ಹಾಕಿದಳು. ಡಾಕ್ಟರು ಹಸಿವಿಗೊಂದು, ನಿದ್ರೆಗೊಂದು, ಶಕ್ತಿಗೊಂದು ಔಷಧ ಬರೆದರು. ಮಾವ ಎಲ್ಲವನ್ನೂ ಸೌಜನ್ಯದಿಂದ ಸ್ವೀಕರಿಸಿದರು. ಯಾವುದೂ ಅವರಿಗೆ ತಾಗಿದಂತೆ ಕಾಣಲಿಲ್ಲ.

ಗಾಡಿಯ ಸ್ಥಿತಿಯೂ ಅದೇ. 2024ರ ಜನವರಿಯಲ್ಲಿ ನಾನು ಅದನ್ನು ಹೊರಗೆ ತೆಗೆದು, ಹೊಸ ಪೆಟ್ರೋಲು ಹಾಕಿ, ಹದಿನೈದು ಸಲ ಒದ್ದ ಮೇಲೆ ಅದು ಎದ್ದಿತು. ಸಮತಟ್ಟಾದ ಬೀದಿಯಲ್ಲಿ ಸಾಧುವಾಗಿ ಓಡುತ್ತಿತ್ತು. ಆದರೆ ಆಕ್ಸಿಲರೇಟರನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸಿದರೆ ವೇಗ ಹೆಚ್ಚುವ ಬದಲು ಗಂಟಲು ಕಟ್ಟಿದವರ ಹಾಗೆ ಒಂದು ಸ್ವರ. ಚಾಮುಂಡಿ ಬೆಟ್ಟದ ದಾರಿಯಲ್ಲಂತೂ ಮೊದಲನೆಯ ತಿರುವಿನಲ್ಲೇ ಮೂರನೆಯ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿದು, ಕೊನೆಗೆ ನಾನೂ ಇಳಿದು ತಳ್ಳಬೇಕಾಯಿತು. ಬೆಳಗಿನ ನಡಿಗೆಗೆ ಬಂದಿದ್ದ ನನ್ನ ಇಬ್ಬರು ವಿದ್ಯಾರ್ಥಿಗಳು ಹಿಂದಿನಿಂದ ಕೈಕೊಟ್ಟರು. ಅವರ ಹಾಜರಾತಿಯ ವಿಷಯದಲ್ಲಿ ಆ ತಿಂಗಳು ನಾನು ಸ್ವಲ್ಪ ಉದಾರಿಯಾದೆನೆಂದು ಒಪ್ಪಿಕೊಳ್ಳುತ್ತೇನೆ.

ಈ ಸಂಗತಿಯನ್ನು ಮಾವನಿಗೆ ಹೇಳಿದೆ. ಹಳೆಯ ಗಾಡಿಗಳನ್ನು ಶೇಖರಿಸುವವರೊಬ್ಬರು ಒಳ್ಳೆಯ ಬೆಲೆಗೆ ಕೇಳಿದ್ದಾರೆ ಎಂಬುದನ್ನೂ ಸೇರಿಸಿ, ಅವರು ಸಿಡುಕಲಿ ಎಂದೇ ಹೇಳಿದೆ. ಮಾವ ಬೀದಿಯಿಂದ ಕಣ್ಣು ತೆಗೆಯದೆ, “ಕೊಟ್ಟುಬಿಡು” ಎಂದರು.

ನನಗೆ ಭಯವಾಯಿತು. ಮುಪ್ಪಿನಲ್ಲಿ ಮನುಷ್ಯ ಒಂದೊಂದಾಗಿ ‘ಕೊಟ್ಟುಬಿಡು’ ಎನ್ನಲು ಆರಂಭಿಸಿದರೆ ಆ ಪಟ್ಟಿ ಎಲ್ಲಿ ಮುಗಿಯುತ್ತದೆ ಎಂಬುದು ನಲವತ್ತೈದು ವರ್ಷದವನಿಗೆ ತಿಳಿಯದ ವಿಷಯವಲ್ಲ. ಗಾಡಿ ಏರು ಹತ್ತಲೇಬೇಕು ಎಂದು ನಾನು ಅಂದೇ ನಿಶ್ಚಯ ಮಾಡಿದೆ.

ಒಂದು ಯಂತ್ರ ಕೆಟ್ಟರೆ ಬೀದಿಯಲ್ಲಿ ಎಷ್ಟು ಮಂದಿ ಪಂಡಿತರು ಹುಟ್ಟಿಕೊಳ್ಳುತ್ತಾರೆ ನೋಡಿ! ಇತಿಹಾಸದ ಅಧ್ಯಾಪಕರು ಕಾರ್ಬುರೇಟರಿನಲ್ಲಿ ಕಸ ಎಂದರು. ಎದುರು ಮನೆಯ ನಿವೃತ್ತ ಎಂಜಿನಿಯರು ಪ್ಲಗ್ಗಿನ ದೋಷ ಎಂದರು. ಕಾಲೇಜಿನ ಗುಮಾಸ್ತರು ಎಲ್ಲಕ್ಕೂ ಈಗಿನ ಪೆಟ್ರೋಲಿನಲ್ಲಿರುವ ಎಥನಾಲೇ ಕಾರಣ ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ: ಎಥನಾಲು ತೇವವನ್ನು ಹೀರುತ್ತದೆ, ಅದಕ್ಕಾಗಿ ತಯಾರಾಗದ ಹಳೆಯ ರಬ್ಬರನ್ನು ಕೆಡಿಸುತ್ತದೆ. ನಾನು ಯಾರ ಮಾತನ್ನೂ ತಳ್ಳಿಹಾಕಲಿಲ್ಲ. ಒಂದೇ ಭಾನುವಾರ ಕಾರ್ಬುರೇಟರು ತೊಳೆದೆ, ಹೊಸ ಪ್ಲಗ್ಗು ಹಾಕಿದೆ, ಪೆಟ್ರೋಲಿನ ರಬ್ಬರು ಕೊಳವೆ ಬದಲಾಯಿಸಿದೆ, ಗಾಳಿಯ ಫಿಲ್ಟರನ್ನು ಒಗೆದೆ. ಗಾಡಿ ಮೊದಲಿನಂತೆಯೇ ಇತ್ತು. ಮೊದಲಿಗಿಂತ ಸ್ವಲ್ಪ ಕೆಟ್ಟಿತ್ತೋ ಎಂಬ ಅನುಮಾನವೂ ಬಂತು. ಆದರೆ ಒಂದೇ ದಿನ ನಾಲ್ಕು ಕಡೆ ಕೈಯಾಡಿಸಿದ್ದರಿಂದ ಯಾವುದು ಏನು ಮಾಡಿತು ಎಂದು ಹೇಳುವಂತಿರಲಿಲ್ಲ.

ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಮಾಡುವಾಗ ನಾನು ಎಷ್ಟು ಗಂಭೀರವಾಗಿ ಹೇಳುತ್ತೇನೆ ಗೊತ್ತೆ? ಓಲೆಯ ಪ್ರತಿಗಳನ್ನು ಕ್ರಮವಾಗಿ ಹೋಲಿಸಿ ನೋಡುವ ಮೊದಲು ಪಾಠವನ್ನು ತಿದ್ದಬೇಡಿ. ಅರ್ಥವಾಗದ ಪದವೆಲ್ಲ ಲಿಪಿಕಾರನ ತಪ್ಪಲ್ಲ, ಮೊದಲು ನಿಮ್ಮ ಅಜ್ಞಾನವನ್ನು ಅನುಮಾನಿಸಿ, ಎಂದು. ಹೇಳಿದ ಬಾಯಿ ಅಲ್ಲಿ, ತಿರುಪುಳಿ ಹಿಡಿದ ಕೈ ಇಲ್ಲಿ. ಎರಡಕ್ಕೂ ಪರಿಚಯವೇ ಇದ್ದಂತಿರಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಹೊಸ ಪ್ಲಗ್ಗನ್ನು ವಾರದ ನಂತರ ಬಿಚ್ಚಿ ನೋಡಿದರೆ ಅದರ ತುದಿ ಕಪ್ಪಾಗಿ, ಒದ್ದೆಯಾಗಿ ಇತ್ತು. ಪ್ಲಗ್ಗು ಇಂಜಿನಿನ ನಾಲಗೆ ಇದ್ದಂತೆ: ಕಂದು ಬಣ್ಣವಿದ್ದರೆ ಆರೋಗ್ಯ, ಬಿಳುಪಾಗಿದ್ದರೆ ಪೆಟ್ರೋಲು ಕಡಿಮೆಯಾಗಿ ಬೆಂಕಿ ಹೆಚ್ಚಾಗಿದೆ, ಕಪ್ಪಾಗಿ ಜಿಡ್ಡಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಅತಿಯಾಗಿದೆ. ಇಷ್ಟು ಓದಿಕೊಂಡಿದ್ದೆ. ಅಲ್ಪವಿದ್ಯೆ! ಕಾರ್ಬುರೇಟರಿನ ಸೂಜಿಯನ್ನು ಒಂದು ಗೀರಿನಷ್ಟು ಕೆಳಗಿಳಿಸಿ ಪೆಟ್ರೋಲನ್ನು ಕಡಿಮೆ ಮಾಡಿದೆ. ಅಬ್ಬ, ಗಾಡಿ ಚುರುಕಾಯಿತು! ಎರಡು ದಿನ ನಾನು ಕಾಲೇಜಿಗೆ ಅದರಲ್ಲೇ ಹೋದೆ. ಇತಿಹಾಸದವರ ಮುಂದೆ ಅನಾವಶ್ಯಕವಾಗಿ ಎರಡು ಸಲ ಸುತ್ತು ಹೊಡೆದೆ.

ಮೂರನೆಯ ದಿನ ಬೆಟ್ಟದ ದಾರಿ ಹಿಡಿದೆ. ಮೊದಲ ತಿರುವು ದಾಟಿತು, ಎರಡನೆಯದೂ ದಾಟಿತು. ಆಮೇಲೆ ಇಂಜಿನಿನೊಳಗೆ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದಂಥ ಸದ್ದು. ಮರುಕ್ಷಣ ಯಾರೋ ಹಿಂದಿನಿಂದ ಬಲವಾಗಿ ಹಿಡಿದೆಳೆದಂತಾಯಿತು. ಯಾವ ಪುಣ್ಯವೋ ಕ್ಲಚ್ಚು ಹಿಡಿದೆ. ಇಂಜಿನ್ ನಿಂತಿತು, ಗಾಡಿ ಹಿಂದಕ್ಕೆ ಉರುಳತೊಡಗಿತು. ಹತ್ತಿರ ನಿಂತರೆ ಮುಖಕ್ಕೆ ರಾಚುವಷ್ಟು ಕಾವು. ಅರ್ಧ ಗಂಟೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತೆ.

ಕಾವು ಆರಿದ ಮೇಲೆ ಇಳಿಜಾರಿನಲ್ಲಿ ಗಾಡಿಯನ್ನು ಉರುಳಿಸಿಕೊಂಡು ನಮ್ಮ ಬಡಾವಣೆಯ ಮೇಸ್ತ್ರಿಯ ಹತ್ತಿರ ಬಂದೆ. ಆತ ಅರವತ್ತು ದಾಟಿದ ಸಾಬರು. ಈ ಗಾಡಿಗಳ ನಡುವೆಯೇ ಬೆಳೆದವರು. ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿ ನೋಡಿ, “ಉಳ್ಕೊಂಡಿದೆ ಮೇಷ್ಟ್ರೇ. ಇನ್ನೊಂದು ಫರ್ಲಾಂಗ್ ಹೋಗಿದ್ರೆ ಪಿಸ್ಟನ್ ಸೀಜ್ ಆಗಿ ಸಿಲಿಂಡರ್ ಗೀರು ಬೀಳ್ತಿತ್ತು” ಎಂದರು. ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲು ಕಡಿಮೆ ಮಾಡಿದರೆ ಎಣ್ಣೆಯೂ ಕಡಿಮೆಯಾದಂತೆಯೇ. ಏಕೆಂದರೆ ಎಣ್ಣೆ ಬರುವುದು ಪೆಟ್ರೋಲಿನ ಜತೆಗೆ. ಹೀಗಾಗಿ ಬೆಂಕಿ ಹೆಚ್ಚುತ್ತದೆ, ಜಾರಿಕೆ ಕಡಿಮೆಯಾಗುತ್ತದೆ. “ಸಾಯೋಕ್ಕೆ ಮುಂಚೆ ಜೋರಾಗಿ ಓಡುತ್ತೆ. ಅದನ್ನ ನೋಡಿ ಎಲ್ರೂ ಮೋಸ ಹೋಗ್ತಾರೆ” ಎಂದರು ಸಾಬರು. ಸೂಜಿಯನ್ನು ಮೊದಲಿನ ಜಾಗಕ್ಕೆ ತಂದುಕೊಟ್ಟು, ಒಂದು ಪ್ರಶ್ನೆ ಕೇಳಿದರು: “ಈ ಗಾಡಿ ಓಡಿಸ್ತಿದ್ದೋರು ಇದಾರಾ?”

“ಇದ್ದಾರೆ.”

“ಮತ್ತೆ ಅವರನ್ನ ಕೇಳೋದು ಬಿಟ್ಟು ಊರನ್ನೆಲ್ಲ ಕೇಳ್ತಿದೀರಲ್ಲ?”

ಈ ಮಾತು ನನಗೆ ಮೊದಲೇ ಹೊಳೆಯಬೇಕಿತ್ತು. ಮಾವನಿಗೆ ತೊಂದರೆ ಕೊಡಬಾರದೆಂದು ಅವರನ್ನು ಕೇಳಿರಲಿಲ್ಲ ಎಂದು ನಾನು ನನಗೇ ಹೇಳಿಕೊಂಡಿದ್ದೆ. ಯೋಚಿಸಿ ನೋಡಿದರೆ, ಅವರು ಏನನ್ನಾದರೂ ಕೊಡಬಲ್ಲರು ಎಂಬುದನ್ನೇ ನಾವು ಮರೆತುಬಿಟ್ಟಿದ್ದೆವು. ಅವರಿಗೆ ಕೊಡುವುದು ಮಾತ್ರ ನಮ್ಮ ಕೆಲಸವಾಗಿತ್ತು.

ಆ ಭಾನುವಾರ ಗಾಡಿಯನ್ನು ಜಗಲಿಯ ಎದುರಿಗೇ ತಂದು ನಿಲ್ಲಿಸಿದೆ. “ಮಾವ, ಸೂಜಿ ಇಳಿಸಿ ಇಂಜಿನನ್ನ ಸುಟ್ಟುಬಿಡ್ತಿದ್ದೆ” ಎಂದೆ.

“ಎಂತ ಮಾಡಿದೆ?”

ತಿಂಗಳುಗಳ ಮೇಲೆ ಅವರ ಬಾಯಿಂದ ಬಂದ ಮೊದಲನೆಯ ಪ್ರಶ್ನೆ ಅದು. ಹೇಳಿದೆ. ಅವರ ಮುಖ ಕೆಂಪಾಯಿತು. “ಎಂಥ ಹೆಡ್ಡ ಮಾರಾಯ ನೀನು! ಒಂದೇ ದಿನ ನಾಲ್ಕು ಕಡೆ ಕೈ ಹಾಕಿದ್ದೂ ಅಲ್ಲದೆ, ಬೇನೆ ಎಲ್ಲಿದೆ ಅಂತ ನೋಡದೆ ಸೂಜಿ ಇಳಿಸಿದ್ದೀಯಲ್ಲ” ಎಂದು ಬೈದರು. ಒಳಗಿನಿಂದ ನನ್ನ ಹೆಂಡತಿ ಗಾಬರಿಯಿಂದ ಬಂದಳು. ನಾನು ಕಣ್ಣಿನಲ್ಲೇ ಅವಳನ್ನು ತಡೆದೆ. ಬೈಗುಳ ಅಷ್ಟು ಸಿಹಿಯಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ.

ಕುರ್ಚಿಯನ್ನು ಗಾಡಿಯ ಹತ್ತಿರ ಹಾಕಿಸಿಕೊಂಡು ಅವರು ವಿಚಾರಣೆ ಆರಂಭಿಸಿದರು. ಒಂದು ಸಲಕ್ಕೆ ಒಂದೇ ಪರೀಕ್ಷೆ; ಅದರ ಉತ್ತರ ಬರುವ ತನಕ ಎರಡನೆಯದಿಲ್ಲ. ಮೊದಲು ಪ್ಲಗ್ಗು ಬಿಚ್ಚಿ, ಆ ತೂತಿಗೆ ನನ್ನ ಹೆಬ್ಬೆರಳು ಒತ್ತಿಸಿ, ಮಗಳ ಕೈಯಲ್ಲಿ ಕಿಕ್ಕರು ಒತ್ತಿಸಿದರು. ಒಳಗಿನ ಗಾಳಿ ಬೆರಳನ್ನು ಎತ್ತಿ ಹಾಕಿತು. “ಪಿಸ್ಟನ್ನು ರಿಂಗು ಸರಿಯುಂಟು.” ಆಮೇಲೆ ಪ್ಲಗ್ಗನ್ನು ಇಂಜಿನಿನ ಮೈಗೆ ತಾಗಿಸಿ ಒದೆಸಿದರು. ನೀಲಿ ಕಿಡಿ ಹಾರಿತು. ಪಾಯಿಂಟಿನ ಸಂದು ಒಂದು ಮಿಲಿಮೀಟರಿನ ಹತ್ತರಲ್ಲಿ ನಾಲ್ಕು ಪಾಲು ಇರಬೇಕು; ಅದೂ ಇತ್ತು. ಪೆಟ್ರೋಲಿನ ಕೊಳವೆ ಬಿಚ್ಚಿಸಿ ಲೋಟಕ್ಕೆ ಹರಿಸಿದರು. ಟ್ಯಾಂಕಿನ ಮುಚ್ಚಳದ ಸಣ್ಣ ತೂತು ಕಟ್ಟಿದ್ದರೆ ಹರಿವು ನಿಂತುಹೋಗುತ್ತದಂತೆ. ನಿಲ್ಲಲಿಲ್ಲ. ಗೇರಿನ ಎಣ್ಣೆ ಅಳೆಸಿದರು. ಅದು ಇಳಿದಿದ್ದರೆ ಒಳಗಿನ ಆಯಿಲ್ ಸೀಲು ಹರಿದು ಇಂಜಿನ್ ಆ ಎಣ್ಣೆಯನ್ನೂ ಕುಡಿಯುತ್ತಿದೆ ಎಂದರ್ಥ. ಇಳಿದಿರಲಿಲ್ಲ.

“ಇನ್ನು ಸ್ಟಾರ್ಟ್ ಮಾಡು” ಎಂದರು. ಗಾಡಿ ಎದ್ದಿತು. ಮಾವ ಕಣ್ಣು ಮುಚ್ಚಿ ಕೇಳಿದರು. ಮತ್ತೆ ಕುರ್ಚಿಯಿಂದ ಕಷ್ಟಪಟ್ಟು ಬಗ್ಗಿ, ಎಡದ ಸೈಲೆನ್ಸರಿನ ಹಿಂದೆ ಒಂದು ಅಂಗೈ, ಬಲದ ಸೈಲೆನ್ಸರಿನ ಹಿಂದೆ ಇನ್ನೊಂದು ಅಂಗೈ ಹಿಡಿದರು. ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾರಲ್ಲ, ಹಾಗೆ.

“ಹೋಗ್ತಾ ಇಲ್ಲ. ಒಳಗೆ ಹೋಗೋದೆಲ್ಲ ಸರಿಯುಂಟು, ಹೊರಗೆ ಬರೋದೇ ಇಲ್ಲ. ಇದಕ್ಕೆ ಉಸಿರು ಬಿಡೋಕೆ ಆಗ್ತಿಲ್ಲ” ಎಂದರು.

ಈ ಇಂಜಿನಿನ ಉಸಿರಾಟ ವಿಚಿತ್ರವಾದುದು. ಬೇರೆ ಬೈಕುಗಳ ನಾಲ್ಕು ಸ್ಟ್ರೋಕಿನ ಇಂಜಿನಿನಲ್ಲಿ ಉಸಿರು ಎಳೆಯುವುದಕ್ಕೊಂದು ಸರದಿ, ಬಿಡುವುದಕ್ಕೊಂದು ಸರದಿ, ಎರಡಕ್ಕೂ ಬೇರೆ ಬೇರೆ ಬಾಗಿಲು ಇರುತ್ತವೆ. ಟೂ ಸ್ಟ್ರೋಕಿಗೆ ಅಷ್ಟು ವ್ಯವಧಾನವಿಲ್ಲ. ಪಿಸ್ಟನ್ನು ಕೆಳಗಿಳಿಯುವಾಗ ಸಿಲಿಂಡರಿನ ಗೋಡೆಯ ಕಂಡಿಗಳು ತೆರೆದುಕೊಳ್ಳುತ್ತವೆ. ಸುಟ್ಟ ಹೊಗೆ ಒಂದು ಕಡೆಯಿಂದ ಹೊರಗೆ ಹೋಗುತ್ತಿರುವಾಗಲೇ ಹೊಸ ಪೆಟ್ರೋಲು-ಗಾಳಿ ಇನ್ನೊಂದು ಕಡೆಯಿಂದ ನುಗ್ಗಿ ಅದನ್ನು ತಳ್ಳುತ್ತದೆ. ಹಳೆಯದು ಜಾಗ ಬಿಟ್ಟಷ್ಟೇ ಹೊಸದಕ್ಕೆ ಜಾಗ. ಹೊಸದರಲ್ಲಿ ಸ್ವಲ್ಪ ಪಾಲು ಸುಡದೆಯೇ ಹೊಗೆಯ ಜತೆ ಹೊರಟುಹೋಗುವುದೂ ಉಂಟು. ಹೊಗೆಯ ಕಾನೂನುಗಳು ಬಿಗಿಯಾದಂತೆ ಈ ಜಾತಿ ರಸ್ತೆಯಿಂದ ಮರೆಯಾದದ್ದು ಮುಖ್ಯವಾಗಿ ಅದರಿಂದಲೇ.

ಹೀಗಾಗಿ ಇಂಥ ಇಂಜಿನಿನ ಬಲ ಒಳಬಾಗಿಲಲ್ಲಿರುವಷ್ಟೇ ಹೊರಬಾಗಿಲಲ್ಲಿಯೂ ಇದೆ. ಇದನ್ನು ಚೆನ್ನಾಗಿ ಅರಿತವರು ಪೂರ್ವ ಜರ್ಮನಿಯ ಎಂ.ಝಡ್. ಕಾರ್ಖಾನೆಯ ವಾಲ್ಟರ್ ಕಾಡೆನ್. ಹೊಗೆಯ ಕೊಳವೆಯ ಹೊಟ್ಟೆಯನ್ನು ತಕ್ಕ ಅಳತೆಗೆ ಉಬ್ಬಿಸಿ ತುದಿಯನ್ನು ಕಿರಿದುಮಾಡಿದರೆ, ಹೊರಟ ಹೊಗೆಯ ಅಲೆಯೇ ತಿರುಗಿ ಬಂದು, ತಪ್ಪಿಸಿಕೊಳ್ಳುತ್ತಿರುವ ಹೊಸ ಪೆಟ್ರೋಲನ್ನು ಒಳಕ್ಕೆ ನೂಕುತ್ತದೆಂದು ಐವತ್ತರ ದಶಕದಲ್ಲಿ ಅವರು ಸಾಧಿಸಿ ತೋರಿಸಿದರು. ಆ ಕಾರ್ಖಾನೆಯ ಸವಾರ ಎರ್ನ್ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ಪಂದ್ಯಕ್ಕೆ ಹೋದವನು ಹಿಂದಿರುಗದೆ ತಪ್ಪಿಸಿಕೊಂಡು, ಆ ವಿದ್ಯೆಯನ್ನು ಜಪಾನಿನ ಸುಜುಕಿಯವರಿಗೆ ಮುಟ್ಟಿಸಿದ. ಮರುವರ್ಷವೇ ಅವರ 50 ಸಿ.ಸಿ. ಗಾಡಿಯಲ್ಲಿ ಜಗತ್ತಿನ ಚಾಂಪಿಯನ್ನನಾದ. ಮೈಸೂರಿನ ಕಾರ್ಖಾನೆ ಬಾಗಿಲು ತೆರೆದದ್ದೂ 1961ರಲ್ಲೇ. ಇಂದಿಗೂ ಕೆಸರಿನ ಪಂದ್ಯಗಳ ಟೂ ಸ್ಟ್ರೋಕ್ ಬೈಕುಗಳಲ್ಲಿ ಮುಂದೆ ಉಬ್ಬಿಕೊಂಡು ಕಾಣುವ ಕೊಳವೆ ಆ ವಿದ್ಯೆಯ ಸಂತಾನವೇ. ನಮ್ಮ ಗಾಡಿಯದು ಅಂಥ ಪಂದ್ಯದ ಕೊಳವೆಯಲ್ಲ. ಆದರೆ ನಿಯಮ ಒಂದೇ: ಬಿಡದೆ ಎಳೆಯಲಾಗದು.

ಸೈಲೆನ್ಸರಿನ ಹಿಂದಿನ ಬೋಲ್ಟು ಬಿಚ್ಚಿ, ಮೇಸ್ತ್ರಿಗಳು ಬ್ಯಾಫಲ್ ಎನ್ನುವ ಒಳಕೊಳವೆಯನ್ನು ಎಳೆದೆ. ಬರಲಿಲ್ಲ. ಇಕ್ಕಳ ಹಾಕಿ ತಿರುಚಿ, ಸೀಮೆಎಣ್ಣೆ ಬಿಟ್ಟು, ಒಂದು ಗಂಟೆ ಹೆಣಗಿದ ಮೇಲೆ ಕಿತ್ತುಬಂತು. ಅದರ ಮೈತುಂಬ ಇರಬೇಕಾದ ತೂತುಗಳು ಒಂದೂ ಕಾಣಲಿಲ್ಲ. ಡಾಂಬರಿನಂಥ ಕಪ್ಪು ಮಸಿ ಬೆರಳು ದಪ್ಪ ಕಟ್ಟಿತ್ತು. ಎರಡನೆಯದರ ಸ್ಥಿತಿಯೂ ಅಷ್ಟೇ. ಸಿಲಿಂಡರಿನ ಹೊರಕಂಡಿಗಳ ಸುತ್ತಲೂ ಮಸಿ ಬೆಳೆದು ಅವು ಅರ್ಧಕ್ಕರ್ಧ ಕಿರಿದಾಗಿದ್ದವು. ಪಿಸ್ಟನ್ನನ್ನು ಕಂಡಿಗೆ ಬಾಗಿಲಾಗುವಂತೆ ನಿಲ್ಲಿಸಿ, ಅದಕ್ಕೆ ಗೀರು ಬೀಳದಂತೆ ಬಿದಿರಿನ ಕಡ್ಡಿಯಿಂದ ಅಲ್ಲಿಯದನ್ನು ಕೆರೆದು ತೆಗೆದೆ. ಬ್ಯಾಫಲ್‌ಗಳಿಗೆ ಬೆಂಕಿಯೇ ಮದ್ದು ಎಂದರು ಮಾವ.

ಹಿತ್ತಲಲ್ಲಿ ತೆಂಗಿನ ಗರಿ, ಕರಟ ಒಟ್ಟಿ ಬೆಂಕಿ ಮಾಡಿ ಅವೆರಡನ್ನೂ ಅದರಲ್ಲಿಟ್ಟೆವು. ಮೊದಲು ದಟ್ಟ ಕಪ್ಪು ಹೊಗೆ, ಆಮೇಲೆ ಎಣ್ಣೆಯ ಹಳದಿ ಜ್ವಾಲೆ. ಗಾಳಿಗೆ ಎದುರಾಗದಂತೆ ದೂರದಲ್ಲಿ ಕುರ್ಚಿ ಹಾಕಿಕೊಂಡು ಮಾವ ನೋಡುತ್ತಿದ್ದರು.

“ಇಷ್ಟು ಮಸಿ ಹೇಗೆ ಬಂತು ಮಾವ? ನಿಮ್ಮ ಗಾಡಿಯಲ್ಲಿ?” ಎಂದೆ. ಕೇವಲ ತಿಳಿದುಕೊಳ್ಳುವುದಕ್ಕಾಗಿ ಕೇಳಿದ್ದು, ಬೇರೆ ಉದ್ದೇಶವಿರಲಿಲ್ಲ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಆ ಎರಡು ವರ್ಷ ಗಾಡಿ ತೋಟ ಸುತ್ತಲಿಲ್ಲ, ಏರು ಹತ್ತಲಿಲ್ಲ. ಮನೆಯಿಂದ ಔಷಧದ ಅಂಗಡಿಗೆ, ಅಲ್ಲಿಂದ ಮನೆಗೆ. ಹೆಚ್ಚೆಂದರೆ ಮೂರು ಕಿಲೋಮೀಟರು. ದಿನಕ್ಕೆ ಎರಡು ಸಲ, ಕೆಲವೊಮ್ಮೆ ನಾಲ್ಕು ಸಲ. ಅತ್ತೆ ಒಬ್ಬರೇ ಇದ್ದಾರೆಂದು ಅವಸರ. ಬಿದ್ದರೆ ಅವರನ್ನು ನೋಡುವವರಿಲ್ಲವೆಂದು ನಿಧಾನ. ಇಂಜಿನ್ ಕಾಯುವ ಮೊದಲೇ ನಿಲ್ಲುತ್ತಿತ್ತು. ಕಾಯದ ಇಂಜಿನಿನಲ್ಲಿ ಎಣ್ಣೆ ಪೂರ್ತಿ ಸುಡುವುದಿಲ್ಲ, ಕೊಳವೆಯಲ್ಲಿ ಕೂರುತ್ತದೆ.

“ಎಣ್ಣೆ ಹಾಕೋ ಅಳತೆಯೂ ತಪ್ತಿತ್ತು” ಎಂದರು. ಅವರ ಲೆಕ್ಕ ಲೀಟರು ಪೆಟ್ರೋಲಿಗೆ 40 ಮಿಲಿಲೀಟರು ಎಣ್ಣೆ. ಹಳೆಯ ಅಳತೆಯ ಲೋಟ ಎಲ್ಲಿಯೋ ಕಳೆದುಹೋಗಿ, ಅತ್ತೆಯ ಔಷಧದ ಬಾಟಲಿಯ ಮುಚ್ಚಳದಲ್ಲಿ ಅಳೆಯುತ್ತಿದ್ದರು. ಹತ್ತು ಮಿಲಿಲೀಟರಿನ ಮುಚ್ಚಳ, ಲೀಟರಿಗೆ ನಾಲ್ಕು. “ಎರಡೋ ಮೂರೋ ಅಂತ ನಡುವೆ ಮರ್ತುಹೋಗೋದು. ಕಡಿಮೆಯಾದ್ರೆ ಇಂಜಿನ್ ಹೋಗುತ್ತೆ, ಜಾಸ್ತಿಯಾದ್ರೆ ಹೊಗೆ ತಾನೆ ಅಂತ ಇನ್ನೆರಡು ಹಾಕ್ತಿದ್ದೆ. ಅವಳ ಔಷಧಕ್ಕೂ ಅದೇ ಮುಚ್ಚಳದ ಅಳತೆ. ಅದ್ರಲ್ಲಿ ಮಾತ್ರ ಒಂದು ದಿನಾನೂ ತಪ್ಪಲಿಲ್ಲ.”

ಹಾಗೆ ಆರಂಭವಾದದ್ದು ನಿಲ್ಲಲಿಲ್ಲ. ಅತ್ತೆಗೆ ಕೊನೆಕೊನೆಗೆ ಮಾತು ತೊದಲುತ್ತಿತ್ತೆಂದೂ, ಅದಕ್ಕೆ ನಾಚಿ ಬೇರೆಯವರ ಎದುರಿಗೆ ಬಾಯಿ ಬಿಡುತ್ತಿರಲಿಲ್ಲವೆಂದೂ, ಗಾಡಿ ಗೇಟಿನ ಹತ್ತಿರ ಬಂದ ಸದ್ದು ಕೇಳಿದರೆ ಮಂಚದ ಪಟ್ಟಿಯನ್ನು ಎರಡು ಸಲ ತಟ್ಟುತ್ತಿದ್ದರೆಂದೂ ನಮಗೆ ಆ ದಿನವೇ ತಿಳಿದದ್ದು. ಕೊನೆಯ ದಿನ ಅಂಗಡಿಯಲ್ಲಿ ಔಷಧ ಇರಲಿಲ್ಲ. ಬರುವ ತನಕ ಕಾಯಬೇಕಾಯಿತು. ಹಿಂದಿರುಗಿ ಗೇಟಿನಲ್ಲಿ ಗಾಡಿ ನಿಲ್ಲಿಸಿದಾಗ ಒಳಗಿನಿಂದ ಸದ್ದು ಬರಲಿಲ್ಲ. “ನಾನು ಸ್ವಲ್ಪ ಜೋರಾಗಿ ಬರಬಹುದಿತ್ತು. ಏರಲ್ಲಿ ಗಾಡಿ ಎಳೀಲಿಲ್ಲ ಮಾರಾಯ” ಎಂದರು ಮಾವ.

ಅಷ್ಟು ಹೇಳಿ ಅತ್ತರು. ನನ್ನ ಹೆಂಡತಿ ಬಾಗಿಲ ಬಳಿ ನಿಂತಿದ್ದಳು. ನಾನು ಬೆಂಕಿಗೆ ಇನ್ನೊಂದು ಕರಟ ಹಾಕಿದೆ. ಜೋರಾಗಿ ಬಂದಿದ್ದರೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಡಾಕ್ಟರು ಹಾಗೆ ಹೇಳಿಯೂ ಇದ್ದರು. ಆದರೆ ಅದೂ ಒಂದು ಒಳಗೆ ಹಾಕುವ ಮಾತಾಗುತ್ತಿತ್ತು. ಒಂದು ವರ್ಷದಿಂದ ನಾವು ಅದನ್ನೇ ಮಾಡುತ್ತಿದ್ದೆವಲ್ಲ? ರೊಟ್ಟಿ ಹಾಕಿದೆವು, ಔಷಧ ಹಾಕಿದೆವು, ಹಾಡು ಹಾಕಿದೆವು, ಸಮಾಧಾನ ಹಾಕಿದೆವು. ಅವರೊಳಗೆ ಜಾಗವಿದೆಯೇ ಎಂದು ಯಾರೂ ಅಂಗೈ ಹಿಡಿದು ನೋಡಿರಲಿಲ್ಲ.

ಬೆಂಕಿ ಆರುವ ಹೊತ್ತಿಗೆ ಕತ್ತಲಾಗಿತ್ತು. ತಣ್ಣಗಾದ ಬ್ಯಾಫಲ್‌ಗಳನ್ನು ಕಲ್ಲಿಗೆ ಮೆಲ್ಲಗೆ ಬಡಿದರೆ ಬೂದಿಯಂತಾಗಿದ್ದ ಮಸಿ ಹಕ್ಕಳೆ ಹಕ್ಕಳೆಯಾಗಿ ಉದುರಿತು. ತೂತುಗಳಲ್ಲಿ ದೀಪದ ಬೆಳಕು ಕಂಡಿತು. ಎರಡು ಹಿಡಿಗಿಂತ ಹೆಚ್ಚು ಮಸಿ ಕಾಗದದ ಮೇಲೆ ಗುಡ್ಡೆಯಾಯಿತು. ಎರಡು ವರ್ಷದ ಓಡಾಟ ಅದು. ಎಲ್ಲಿಗೆ ಎಸೆಯುವುದೆಂದು ತೋಚದೆ ನಿಂತಿದ್ದೆ. “ಗಿಡದ ಬುಡಕ್ಕೆ ಹಾಕಬೇಡ, ಎಣ್ಣೆ ಇರುತ್ತೆ” ಎಂದರು ಮಾವ, ಮೂಗು ಒರಸಿಕೊಳ್ಳುತ್ತ. ತೋಟದವರಿಗೆ ದುಃಖದಲ್ಲಿಯೂ ಗಿಡದ ನೆನಪಿರುತ್ತದೆ.

ಮರುದಿನ ಬೆಳಗ್ಗೆ ಎಲ್ಲವನ್ನೂ ಜೋಡಿಸಿ ಕಿಕ್ ಮಾಡಿದೆ. ಎರಡನೆಯ ಒದೆತಕ್ಕೇ ಎದ್ದಿತು. ಆ ಸ್ವರವನ್ನು ಬರವಣಿಗೆಯಲ್ಲಿ ಹಿಡಿಯುವುದು ನನ್ನಿಂದಾಗದು. ಎಂಬತ್ತರ ದಶಕದಲ್ಲಿ ಬೇಸಿಗೆಯ ರಜೆಗೆ ಹೋಗಿ ಜಗಲಿಯಲ್ಲಿ ಕಾಯುತ್ತಿದ್ದ ಹುಡುಗನಿಗೆ, ತೋಟದ ತಿರುವಿನಾಚೆಯಿಂದ ಕೇಳುತ್ತಿದ್ದದ್ದು ಅದೇ. ಹೆಲ್ಮೆಟ್ಟು ಹಾಕಿಸಿ ಮಾವನನ್ನು ಹಿಂದೆ ಕೂರಿಸಿಕೊಂಡು ಬೆಟ್ಟದ ದಾರಿ ಹಿಡಿದೆ. ಮೊದಲನೆಯ ತಿರುವು, ಎರಡನೆಯ ತಿರುವು, ನಾನು ಕಲ್ಲಿನ ಮೇಲೆ ಕೂತಿದ್ದ ಜಾಗ, ಎಲ್ಲ ಮೂರನೆಯ ಗೇರಿನಲ್ಲೇ ಹಿಂದೆ ಸರಿದವು. ನಂದಿಯ ಹತ್ತಿರ ನಿಲ್ಲಿಸಿದಾಗ ಮಾವ ಇಳಿದು, ಬೊಗ್ಗಿ, ಸೈಲೆನ್ಸರುಗಳ ಹಿಂದೆ ಮತ್ತೆ ಎರಡೂ ಅಂಗೈ ಹಿಡಿದು ನೋಡಿದರು. “ಸರಿಯುಂಟು” ಎಂದರು.

ಅವರು ಮೊದಲಿನ ಮಾತುಗಾರರಾದರು ಎಂದು ಬರೆದರೆ ಸುಳ್ಳಾದೀತು. ಈಗಲೂ ಎಷ್ಟೋ ದಿನ ಬೀದಿ ನೋಡುತ್ತ ಕೂತಿರುತ್ತಾರೆ. ಆದರೆ ಗಾಡಿ ಕೊಡುವ ಮಾತು ಮತ್ತೆ ಬರಲಿಲ್ಲ. ಶನಿವಾರ ಸಂಜೆ ನನ್ನ ಮಗಳಿಗೆ ಆನೆಯ ಕಥೆ ಹೇಳುತ್ತಾರೆ. ಆನೆ ಇನ್ನೂ ಬೇಲಿ ದಾಟಿಲ್ಲವೆಂದು ಅವಳು ದೂರುತ್ತಾಳೆ. ತಿಂಗಳಿಗೊಂದು ಸಲ ಗಾಡಿಯನ್ನು ಬೆಟ್ಟಕ್ಕೆ ಹತ್ತಿಸಿ ಚೆನ್ನಾಗಿ ಕಾಯಿಸಿ ತರಬೇಕೆಂದು ನನಗೆ ಅಪ್ಪಣೆಯಾಗಿದೆ.

ಎಣ್ಣೆ ಅಳೆಯುವುದಕ್ಕೆ ಗೆರೆ ಹಾಕಿದ ಹೊಸ ಲೋಟವೊಂದನ್ನು ನಾನು ಅಂಗಡಿಯಿಂದ ತಂದೆ. ಮಾವ ಅದನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು. ಟ್ರಂಕಿನಿಂದ ಆ ಔಷಧದ ಮುಚ್ಚಳವನ್ನೇ ತೆಗೆದುಕೊಂಡು ಬಂದರು. ಪೆಟ್ರೋಲು ಹಾಕುವ ದಿನ ಎಣ್ಣೆ ಬೆರೆಸುವ ಕೆಲಸ ಅವರದೇ, ಬೇರೆಯವರು ಮುಟ್ಟುವಂತಿಲ್ಲ. ಮೊದಲಿಗೂ ಈಗಿಗೂ ಒಂದೇ ವ್ಯತ್ಯಾಸ: ಈಗ ಅವರು ಒಂದು, ಎರಡು, ಮೂರು, ನಾಲ್ಕು ಎಂದು ಒಳಗಿನ ಅಡುಗೆಮನೆಗೂ ಕೇಳುವಂತೆ ಗಟ್ಟಿಯಾಗಿ ಎಣಿಸುತ್ತಾರೆ.